ಹಿಂದೆ ನೋಡುವ ಕತ್ತೆ

ಮದುವೆಯಾದ ಹೊಸತರಲ್ಲಿ ಗಂಡನ ಅಂಗಿ ಒಗೆಯುವಾಗ ತೋಳಿನ ಮೇಲಿದ್ದ ಬಿಲ್ಲೆ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ನೀಲಿ ಬಟ್ಟೆಯ ದುಂಡು ಬಿಲ್ಲೆ, ಅದರಲ್ಲಿ ಮೂಟೆ ಹೊತ್ತ ಬಿಳಿ ಕತ್ತೆ, ಪಕ್ಕೆಗೆ ಎರಡು ರೆಕ್ಕೆ. ನಮ್ಮವರು ಇದ್ದದ್ದು ಸರಕು ಸಾಗಿಸುವ ವಿಮಾನಗಳ ಪಡೆಯಲ್ಲಿ. ಯುದ್ಧವಿಮಾನದ ಪೈಲಟ್‌ಗಳು ಊಟದ ಹಾಲಿನಲ್ಲಿ ಇವರನ್ನು ಕಂಡಾಗಲೆಲ್ಲ ಕತ್ತೆಗಳು ಬಂದವು ಎಂದು ಆಡಿಕೊಳ್ಳುತ್ತಿದ್ದರಂತೆ. ಪಡೆಯ ಮೊದಲ ಮುಖ್ಯಸ್ಥ, ಹೌದು ಕಣ್ರಯ್ಯಾ, ನಿಮಗೆ ಅನ್ನ ಹೊತ್ತು ತರುವುದು ಈ ಕತ್ತೆಯೇ ಎಂದವನು ಅದನ್ನೇ ಲಾಂಛನ ಮಾಡಿಬಿಟ್ಟನಂತೆ. ನಮ್ಮವರು ಇದನ್ನು ಹೇಳುವಾಗ ಎದೆ ಉಬ್ಬಿಸುತ್ತಿದ್ದರು.

ಆಗ ಆ ಕತ್ತೆ ನೆಟ್ಟಗೆ ಮುಂದೆ ನೋಡುತ್ತಿತ್ತು. ಈಗ ಕತ್ತು ತಿರುಗಿಸಿ ಹಿಂದೆ ನೋಡುತ್ತದೆ. ಪಡೆಯ ಸಭಾಂಗಣದ ಗೋಡೆಗೆ ಹಿತ್ತಾಳೆಯ ಹಲಗೆ ಹಾಕಿ ಅದರ ಅರ್ಥ ಕೆತ್ತಿಸಿದ್ದಾರೆ: ಹೊತ್ತ ಸರಕಿನ ಮೇಲೆ ಸದಾ ಕಣ್ಣು. ಕತ್ತೆಯ ಕತ್ತು ತಿರುಗಿಸಿದವನೂ ಮೀಸೆ, ಹಲಗೆ ಕೆತ್ತಿಸಿದವನೂ ಮೀಸೆ. ಸುಳ್ಳನ್ನು ಹಿತ್ತಾಳೆಯಲ್ಲಿ ಬರೆಸಿದರೆ ನಿಜವಾಗುತ್ತದೆ ಎಂದುಕೊಂಡನೇನೋ, ಅವನ ಮುಖಕ್ಕಿಷ್ಟು.

ಮೀಸೆ ಎಂದರೆ ಆಗ ಆ ಪಡೆಯ ಪೈಲಟ್, ಆಮೇಲೆ ಮುಖ್ಯಸ್ಥ, ಈಗ ನಿವೃತ್ತ. ನಮ್ಮವರು ಅವನ ವಿಮಾನದ ಲೋಡ್ ಮಾಸ್ಟರ್. ಹಿಂಭಾಗದಲ್ಲಿ ನಿಂತು ಸರಕು ಕಟ್ಟುವುದು, ಬಿಚ್ಚುವುದು, ಕೆಳಗೆ ತಳ್ಳುವುದು ಅವರ ಕೆಲಸ. ಒಂದು ದಿನ ಬೆಟ್ಟದ ಮೇಲೆ ಹಾರುವಾಗ ಎಂಜಿನ್ ಒಂದು ಕೈಕೊಟ್ಟಿತು. ಭಾರ ಇಳಿಸದಿದ್ದರೆ ಎಲ್ಲರ ಕಥೆಯೂ ಮುಗಿಯುತ್ತಿತ್ತು, ಅದನ್ನು ನಾನೂ ಒಪ್ಪುತ್ತೇನೆ. ಮೀಸೆ ಎಲ್ಲವನ್ನೂ ತಳ್ಳಲು ಹೇಳಿದ. ತಳ್ಳಿ ಮುಗಿದ ಮೇಲೆ ಲೋಡ್ ಮಾಸ್ಟರ್ ಬೆಲ್ ಒತ್ತಬೇಕು, ಅದು ಕೇಳಿಸಿದ ಮೇಲೆಯೇ ಪೈಲಟ್ ಹಿಂಬಾಗಿಲು ಮುಚ್ಚಬೇಕು. ಅಂದು ಬೆಲ್ ಆಗಲಿಲ್ಲ. ವಿಮಾನ ಮಾತ್ರ ಹಗುರಾಯಿತು. ಹಗುರಾದದ್ದನ್ನೇ ಉತ್ತರವೆಂದು ತಿಳಿದು ಮೀಸೆ ಬಾಗಿಲು ಮುಚ್ಚಿ ಮನೆ ದಾರಿ ಹಿಡಿದ. ಇಳಿದ ಮೇಲೆ ಹಿಂದೆ ಹೋಗಿ ನೋಡಿದರೆ ಸೊಂಟದ ಹಗ್ಗದ ತುಂಡೊಂದು ನೇತಾಡುತ್ತಿತ್ತು. ಕೊನೆಯ ಮೂಟೆಯ ಬಲೆಗೆ ಕಾಲು ಸಿಕ್ಕಿ ನಮ್ಮವರು ಅದರ ಜೊತೆಗೇ ಹೋಗಿದ್ದರು.

ವಿಚಾರಣೆ ಅದನ್ನು ಅಪಘಾತ ಎಂದಿತು. ಗಡಿಬಿಡಿಯಲ್ಲಿ ಪೈಲಟ್‌ಗೆ ಬೆಲ್ಲಿನ ನೆನಪಾಗಲಿಲ್ಲ ಎಂದು ಷರಾ ಬರೆದು ಮುಗಿಸಿದರು. ಮರುವರ್ಷ ಮೀಸೆ ಮುಖ್ಯಸ್ಥನಾದ, ಕತ್ತೆ ಹಿಂದೆ ತಿರುಗಿತು. ಯಾರನ್ನು ನೋಡಲು ತಿರುಗಿತೆಂದು ಪಡೆಯಲ್ಲಿ ಎಲ್ಲರಿಗೂ ಗೊತ್ತು, ಒಬ್ಬರ ಬಾಯಿಯಿಂದಲೂ ಅದು ಹೊರಡಲಿಲ್ಲ. ನಾನು ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತು ಊರವರ ಮೇಲೆಲ್ಲ ಹರಿಹಾಯುತ್ತ ಮಗಳನ್ನು ಬೆಳೆಸಿದೆ.

ಬೆಳೆದವಳು ಏನಾದಳು ಕೇಳಿ. ಪೈಲಟ್! ಅದೂ ಅದೇ ಕತ್ತೆ ಪಡೆಗೆ. ತರಬೇತಿ ಶಾಲೆಯಲ್ಲಿ ಅವಳಿಗೆ ಪಾಠ ಹೇಳಿದವನು ಮೀಸೆ. ಮನೆಗೆ ಬಂದರೆ ಸರ್ ಹೀಗಂದರು, ಸರ್ ಹಾಗಂದರು ಎಂದು ಅವನದೇ ಜಪ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೆಲ್ಲಿನ ವಿಷಯ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಒಂದು ದಿನ ತಡೆಯಲಾರದೆ, ನಿಮ್ಮಪ್ಪನನ್ನು ಬಿಟ್ಟು ಬಂದವನು ಕಣೇ ಅವನು ಎಂದೆ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅಂಥ ಹೊತ್ತಲ್ಲಿ ಯಾರಿಗೆ ನೆನಪಿರುತ್ತಮ್ಮ? ಅವರ ಜಾಗದಲ್ಲಿ ನಾನಿದ್ರೂ ಅಷ್ಟೇ ಆಗ್ತಿತ್ತು."

ಸತ್ತವರು ಸತ್ತರು, ಆದರೆ ನಾಳೆ ಇವಳ ಬೆನ್ನ ಹಿಂದೆಯೂ ಯಾರದೋ ಗಂಡ ನಿಂತಿರುತ್ತಾನೆ. ಇವಳೂ ಮೀಸೆಯ ಅಚ್ಚಿನಲ್ಲೇ ಎರಕವಾದರೆ ನಾನು ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಅಂದಿನಿಂದ ನಮ್ಮಿಬ್ಬರ ಮಧ್ಯೆ ಮಾತು ನಿಂತಿತು.

ಆ ಪಡೆಯಲ್ಲಿ ಒಂದು ಪದ್ಧತಿಯಿದೆ. ಹೊಸ ಪೈಲಟ್‌ನ ತೋಳಿಗೆ ಬಿಲ್ಲೆಯನ್ನು ಮನೆಯವರೇ ಎಲ್ಲರೆದುರು ಕೈಯಿಂದ ಹೊಲಿಯಬೇಕು. ಕೊನೆಯ ಗಂಟನ್ನು ಪಡೆಯ ಹಿರಿಯ ಹಾಕಬೇಕು. ಗಂಟು ಬೀಳುವ ತನಕ ವಿಮಾನ ಹತ್ತುವಂತಿಲ್ಲ. ಮಗಳಿಗೆ ನನ್ನ ಬಿಟ್ಟರೆ ಯಾರಿದ್ದಾರೆ? ಹಾಗಾಗಿ ಕರೆಯಲೇಬೇಕಾಯಿತು. ಹಿರಿಯನಾಗಿ ಬಂದವನು ಮೀಸೆ.

ಸಭಾಂಗಣದ ತುಂಬ ಇಸ್ತ್ರಿ ಅಂಗಿಗಳು, ಮೂಲೆಯಲ್ಲಿ ಟೀ ಡ್ರಮ್ಮು. ಮೀಸೆ ಲಾಂಛನದ ಚರಿತ್ರೆ ಹೇಳಿದ. ಆಡಿಕೊಂಡವರ ಕಥೆಗೆ ಎಲ್ಲರೂ ನಕ್ಕರು. ಸರಕಿನ ಮೇಲೆ ಸದಾ ಕಣ್ಣು ಎಂದಾಗ ಚಪ್ಪಾಳೆ ಬಿತ್ತು. ಮಗಳು ತೋಳು ಚಾಚಿದಳು. ನಾನು ಮುಕ್ಕಾಲು ಸುತ್ತು ಹೊಲಿದು ಸೂಜಿಯನ್ನು ಅಲ್ಲೇ ನಿಲ್ಲಿಸಿದೆ. ಕತ್ತೆ ಏನನ್ನು ನೋಡುತ್ತಿದೆ, ಇನ್ನೊಮ್ಮೆ ಹೇಳಿ ಎಂದೆ. ಸರಕನ್ನಮ್ಮ, ಎಂದ ಮೀಸೆ.

"ಹಾಗಾದ್ರೆ ನನ್ನ ಗಂಡನೂ ಒಂದು ಮೂಟೆನಾ?"

ಅಮ್ಮಾ, ನಿನ್ನ ದಮ್ಮಯ್ಯ, ಇಲ್ಲಿ ಬೇಡ ಎಂದು ಮಗಳು ಹಲ್ಲು ಕಚ್ಚಿ ಪಿಸುಗುಟ್ಟಿದಳು. ಈಗಿನ ಮುಖ್ಯಸ್ಥ ಎದ್ದು ಬಂದು ನನ್ನನ್ನು ಸಮಾಧಾನ ಮಾಡಹೋದ. ಟಿಕೆಟ್ ಕಿಟಕಿಯಲ್ಲಿ ಇಂಥ ಎಷ್ಟು ಮಂದಿಯನ್ನು ಕಂಡಿಲ್ಲ ನಾನು? ಸರಿದು ನಿಲ್ಲಿ ಎಂದೆ, ಸರಿದ. ನಿಜ ಬರುವ ತನಕ ಸೂಜಿ ಮುಂದೆ ಹೋಗುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಮೀಸೆ ಕುರ್ಚಿಯ ಬೆನ್ನು ಹಿಡಿದುಕೊಂಡ. ನನ್ನ ಕಡೆ ನೋಡದೆ, ಮಗಳ ಕಡೆ ನೋಡಿ ಮಾತಾಡಿದ.

"ಬೆಲ್ ಮರೆತಿರಲಿಲ್ಲ. ಆಗ್ಲಿಲ್ಲ ಅನ್ನೋದು ನನಗೆ ಗೊತ್ತಿತ್ತು. ಆದ್ರೆ ವಿಮಾನ ಹಗುರಾಯ್ತಲ್ಲ, ಬದುಕಿದೆ ಅಂತ ಖುಷಿಯಾಗಿ ನಕ್ಕುಬಿಟ್ಟೆ. ಒಂದ್ಸಲ ಕೂಗಿ ಕೇಳೋಣ ಅಂತ ಬಂತು ಮನಸ್ಸಿಗೆ. ಆಮೇಲೆ ಕೇಳಿದ್ರಾಯ್ತು ಅಂದ್ಕೊಂಡೆ."

ನನಗೂ ಇದು ಹೊಸದು. ನಮ್ಮವರ ಭಾರ ಇಳಿದದ್ದಕ್ಕೆ ಅವನು ನಕ್ಕಿದ್ದ. ಇವನ ಬಾಯಿಂದ ನಿಜ ಬಂದ ದಿನ ಹೊಟ್ಟೆ ತಣ್ಣಗಾಗುತ್ತದೆ ಎಂದು ಇಷ್ಟು ವರ್ಷ ಕಾದಿದ್ದೆ, ಅದು ಇನ್ನಷ್ಟು ಉರಿಯಿತು. ಆದರೂ ಕೊಟ್ಟ ಮಾತಿದೆಯಲ್ಲ, ಉಳಿದ ಕಾಲು ಸುತ್ತನ್ನೂ ಹೊಲಿದೆ.

ಗಂಟಿನ ಸರದಿ ಬಂತು. ಪದ್ಧತಿಯಂತೆ ಮೀಸೆ ಮುಂದೆ ಬಂದು ದಾರಕ್ಕೆ ಕೈ ಚಾಚಿದ. ಮಗಳು ತೋಳು ಹಿಂದೆಳೆದುಕೊಂಡಳು.

"ಬೇಡ ಸರ್. ಗಂಟು ಅಮ್ಮ ಹಾಕ್ತಾಳೆ."

ಅವನ ಕೈ ಚಾಚಿದ ಹಾಗೆಯೇ ಉಳಿಯಿತು. ಯಾರೂ ಬಂದು ಅದನ್ನು ಇಳಿಸಲಿಲ್ಲ. ನಾನು ಗಂಟು ಬಿಗಿದು ದಾರವನ್ನು ಹಲ್ಲಿನಿಂದ ಕಡಿದೆ.