ಬೀಗರಿಲ್ಲದ ಗೂಡು

ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಗಂಡನ ಚಿಂತೆ ಅಂತ ಗಾದೆ. ಹೆಗ್ಗನಹಳ್ಳಿಯ ಬೋರಮ್ಮನ ಮನೆಯಲ್ಲಿ ಎಲ್ಲ ತಿರುವುಮುರುವು. ಗಂಡನ ಚಿಂತೆಯೆಲ್ಲ ಅಜ್ಜಿಗೆ. ಮೊಮ್ಮಗಳು ದಿವ್ಯಳಿಗೆ ಜೇಡದ ಚಿಂತೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡದ್ದು ಬೇಲಿಯ ಮೇಲೆ ನೂರಾರು ಒಟ್ಟಾಗಿ ಗೂಡು ಕಟ್ಟುವ ಜೇಡಗಳನ್ನು. ಅಜ್ಜಿ ಅವಳಿಗೆ ಆರಿಸಿದ್ದು ತನ್ನ ಒಬ್ಬನೇ ಮಗ ಮಧುಕುಮಾರನನ್ನು, ಅಂದರೆ ದಿವ್ಯಳ ಸ್ವಂತ ಸೋದರಮಾವನನ್ನು.

"ಅಕ್ಕನ ಮಗಳಿರೋವಾಗ ಹೊರಗಿನ ಹೆಣ್ಣು ಯಾಕೆ? ಆಷಾಢ ಕಳೀಲಿ, ಮುಗಿಸ್ಬಿಡೋಣ," ಎಂದು ಬೋರಮ್ಮ ತೀರ್ಪು ಕೊಟ್ಟಾಗಿತ್ತು.

ದಿವ್ಯಳಿಗೆ ಸುತರಾಂ ಇಷ್ಟವಿಲ್ಲ. ಅಜ್ಜಿಯ ಜೊತೆ ಜಗಳವಾಡಬಹುದು. ಆದರೆ ಎತ್ತಿ ಆಡಿಸಿದ ಮಾವ ಆಸೆ ಇಟ್ಟುಕೊಂಡಿದ್ದರೆ? ಮುನಿಸಿಕೊಂಡು ದೂರವಾದರೆ? ಅದೇ ಅವಳ ಭಯ.

ಭಾನುವಾರ ಎಂದಿನಂತೆ ಮಾವ ಅವಳನ್ನು ಜೇಡ ನೋಡಲು ಸ್ಕೂಟರಿನಲ್ಲಿ ಬ್ಯಾಡರಹಳ್ಳಿಗೆ ಕರೆತಂದ. ಖಾಲಿ ಸೈಟಿನ ಜಾಲಿ ಬೇಲಿಯ ಮುಂದೆ ನಿಂತು ದಿವ್ಯ ಒಂದು ಗೂಡಿನತ್ತ ಬೆರಳು ತೋರಿದಳು.

"ಮಾವ, ಈ ಗೂಡಲ್ಲಿ ಸಂಬಂಧ ಎಲ್ಲಾ ಒಳಗೊಳಗೇ. ಅಣ್ಣ-ತಂಗೀನೇ ಜೋಡಿ. ತಲತಲಾಂತರದಿಂದ ಹಂಗೇ."

"ಥೂ! ಇವಕ್ಕೆ ಬೀಗರೇ ಇಲ್ವಾ? ಬೀಗರೂಟದ ಖರ್ಚು ಉಳೀತು ಬಿಡು."

"ತಮಾಷೆ ಅಲ್ಲ. ಎಲ್ಲಾ ಒಂದೇ ಥರ ಇರ್ತವೆ. ಗೆದ್ರೆ ಇಡೀ ಗೂಡು ಗೆದ್ದು ಮರಿಗೂಡು ಹಾಕುತ್ತೆ. ಒಂದಕ್ಕೆ ಬೂಷ್ಟು ಹಿಡೀತೋ, ಇಡೀ ಗೂಡೇ ಖಾಲಿ. ಅಲ್ನೋಡು."

ಪಕ್ಕದ ಕೊಂಬೆಯಲ್ಲಿ ಸತ್ತ ಗೂಡೊಂದು ಜೋಲುತ್ತಿತ್ತು. ಮಾವನ ಮುಖ ಸಣ್ಣಗಾಯಿತು. ಇಷ್ಟು ಓದಿದ ಹುಡುಗಿ 'ಬೇಡ' ಎಂದು ನೇರವಾಗಿ ಹೇಳಲಾರದೆ, ಅದನ್ನು ಪಾಪದ ಜೇಡಗಳ ತಲೆಗೆ ಕಟ್ಟಿದ್ದಳು.

"ದಿವ್ಯಾ, ಇದು ಜೇಡದ ವಿಷಯಾನೋ, ನನ್ನ ವಿಷಯಾನೋ?"

ಅವಳಿಗೆ ಅಳು ಬಂತು. "ನಿಂದೇ. ಬೇಜಾರು ಮಾಡ್ಕೋಬೇಡ ಮಾವ."

ಮಧುಕುಮಾರ ಉಸ್ಸೆಂದು ಮೋರಿಕಲ್ಲಿನ ಮೇಲೆ ಕುಸಿದು ಕೂತ. "ಅಯ್ಯೋ ನಿನ್ನ! ವಾರವಾರ ನನ್ನೇ ಕರೀತೀಯಲ್ಲ, ನಿನಗೇ ಮನಸಿದೆ ಅಂದ್ಕೊಂಡಿದ್ದೆ ಕಣೇ. ಹೆಂಗಪ್ಪಾ ಒಲ್ಲೆ ಅನ್ನೋದು ಅಂತ ನಿದ್ದೇನೇ ಇರ್ಲಿಲ್ಲ!"

"ಕರೀತಿದ್ದದ್ದು ನಿನ್ಹತ್ರ ಸ್ಕೂಟರ್ ಇದೆ ಅಂತ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳಿಗೆ ಹಗುರವಾಯಿತು. ಒಲ್ಲೆ ಅನ್ನಿಸಿಕೊಳ್ಳುವಷ್ಟು ತಾನು ಕಳಪೆಯೇ ಎಂದು ಚೂರು ಸಿಟ್ಟೂ ಬಂತು, ಸುಳ್ಳೇಕೆ.

"ಅಜ್ಜಿಗೆ ಯಾರು ಹೇಳೋದು?"

"ನಾನೇ."

"ಏನಂತ?"

ಈಗ ಮಾವ ನಗಲಿಲ್ಲ. "ಮದುವೇಲಿ ನಿನ್ನ ಕೈ ಹಿಡಿದು ಮಂಟಪಕ್ಕೆ ಕರ್ಕೊಂಡು ಬರೋನು ಸೋದರಮಾವ. ಅವನೇ ಹೋಗಿ ಹಸೆಮಣೆ ಮೇಲೆ ಕೂತ್ಬಿಟ್ರೆ, ನಿನ್ನ ಕರ್ಕೊಂಡು ಬರೋರು ಯಾರು ಅಂತ ಕೇಳ್ತೀನಿ."

ದಿವ್ಯಳಿಗೆ ಇದ್ದದ್ದು ಒಬ್ಬನೇ ಮಾವ. ಕಣ್ಣು ಒರೆಸಿಕೊಳ್ಳದೆಯೇ ಅವಳು ಅವನ ತೋಳು ಹಿಡಿದುಕೊಂಡಳು.