ಬಲಗೈಗೆ ಹೋಗುವ ದಾರಿ

ತುತ್ತು ಎದೆಯ ನಡುವೆ ನಿಂತಿತು. ಅಂಗಡಿಗಳ ಬೋರ್ಡ್ ಬರೆಯುವವನು ಕಣ್ಣು ಮುಚ್ಚಿ, ಅದು ಕೆಳಗಿಳಿಯಲೆಂದು ಕಾಯುತ್ತ ಕುಳಿತ. ಹೆಂಡತಿ ಎದುರಿಗೇ ಇದ್ದಳು.

"ಖಾರ ಜಾಸ್ತಿ ಆಯ್ತಾ?"

"ಇಲ್ಲ ಕಣೇ, ಚೆನ್ನಾಗಿದೆ."

"ಮತ್ಯಾಕೆ ಅರ್ಧಕ್ಕೇ ಏಳ್ತೀರಾ? ಪಕ್ಕದ್ಮನೆ ಅಜ್ಜಿಗೂ ಕೊಟ್ಟು ರುಚಿ ನೋಡಿಸ್ದೆ. ಬಟ್ಲು ತೊಳೆದ ಹಾಗೆ ಖಾಲಿ ಮಾಡಿ ಕಳ್ಸಿದ್ರು. ನಿಮಗೊಬ್ರಿಗೇ ನನ್ನ ಅಡುಗೆ ಬೇಡವಾಗಿದೆ."

ಅವನು ನಗಲು ಹೋಗಿ ಕೆಮ್ಮಿದ. ಚಿಕ್ಕಂದಿನಿಂದಲೂ ಅವನ ಊಟ ನಿಧಾನವೇ. ಆದರೆ ಈಚೆಗೆ ಮೆತ್ತಗಿನ ಅನ್ನವೂ ಇಳಿಯುತ್ತಿರಲಿಲ್ಲ. ಒಳಗೆ ಗಡ್ಡೆಯೇ ಬೆಳೆದಿರಬೇಕೆಂದು ತನ್ನಷ್ಟಕ್ಕೆ ತೀರ್ಮಾನಿಸಿದ್ದ. ಅದನ್ನು ಹೇಳುವುದಕ್ಕಿಂತ ಅವಳು ತನ್ನ ಅಡುಗೆಯನ್ನೇ ಅನುಮಾನಿಸಿಕೊಂಡಿರಲಿ ಎಂದು ಸುಮ್ಮನಿದ್ದ.

ಒಂದು ಬೆಳಿಗ್ಗೆ ಅವನು ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆಯುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಚಪ್ಪಲಿ ಮೆಟ್ಟಿಕೊಂಡು, "ಏಳಿ, ಆಸ್ಪತ್ರೆಗೆ" ಎಂದಳು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು.

"ಗಡ್ಡೆ ಗಿಡ್ಡೆ ಏನೂ ಇಲ್ಲ. ಇದು ನಿಮ್ಮ ಬಲಗೈಗೆ ರಕ್ತ ಒಯ್ಯೋ ನಾಳ. ಬಲಗಡೆಯಿಂದ್ಲೇ ಹೋಗ್ಬೇಕಿತ್ತು. ನಿಮಗೆ ಹುಟ್ಟಿನಿಂದ್ಲೇ ಎಡಗಡೆಯಿಂದ ಹೊರಟು, ಅನ್ನನಾಳದ ಹಿಂದೆ ಬಳಸಿಕೊಂಡು ಬಂದಿದೆ. ವಯಸ್ಸಾದ ಹಾಗೆ ಗಟ್ಟಿಯಾಗಿ ಅದನ್ನ ಒತ್ತುತ್ತಿದೆ, ಅದಕ್ಕೇ ತುತ್ತು ಇಳೀತಿಲ್ಲ. ಆಪರೇಷನ್ ಮಾಡ್ಬೇಕು."

"ಹುಟ್ಟೋಕೆ ಮುಂಚೇನೇ ದಾರಿ ತಪ್ಪಿದ್ರಾ ನೀವು!" ಎಂದಳು ಹೆಂಡತಿ. ಅಂದವಳೇ ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟಳು.

ಅವನು ಉಗುರಿನ ಸಂದಿನಲ್ಲಿ ನೀಲಿ ಬಣ್ಣ ಉಳಿದಿದ್ದ ಬಲಗೈಯನ್ನು ಮಗುಚಿ ನೋಡಿದ. "ಆಪರೇಷನ್ ಆದ್ಮೇಲೆ ಅಕ್ಷರ ಬರೀಬಹುದಾ, ಮೇಡಂ?"

"ಆ ನಾಳಾನ ಕತ್ತಿನ ನಾಳಕ್ಕೆ ಜೋಡಿಸ್ತೀವಿ. ಅಪಾಯವೇ ಇಲ್ಲ ಅನ್ನಲ್ಲ. ಬರೀತೀರಿ ಅನ್ನೋ ನಂಬಿಕೆ ನನಗಿದೆ."

ಹೊರಗೆ ಬಸ್ಸಿಗೆ ಕಾಯುತ್ತ ಅವಳು ಕೇಳಿದಳು. "ಗಡ್ಡೆ ಅಂದ್ಕೊಂಡಿದ್ರಾ?"

"ಹ್ಞೂಂ."

"ಒಬ್ರೇ ಅನುಭವಿಸ್ತಾ ಇದ್ರಾ?"

ಬಸ್ಸು ಬಂದು ಹೋಯಿತು, ಇಬ್ಬರೂ ಹತ್ತಲಿಲ್ಲ.

ಆಪರೇಷನ್ ಆಯಿತು. ಮೊದಮೊದಲು ಕೈ ಜೋಮು ಹಿಡಿದಂತಿತ್ತು, ಕುಂಚ ಜಾರುತ್ತಿತ್ತು. ಕತ್ತಿನ ಗಾಯ ಒಣಗುವ ಹೊತ್ತಿಗೆ ಅವನು ಹಳೆಯ ತಗಡಿನ ಮೇಲೆ ಅ, ಆ ತಿದ್ದತೊಡಗಿದ್ದ. ಅಷ್ಟರಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕುಳಿತವನು ತಲೆಯೆತ್ತಲೇ ಇಲ್ಲ. ತುತ್ತಿನ ಹಿಂದೆ ತುತ್ತು ಇಳಿಯಿತು. ತಟ್ಟೆ ಖಾಲಿಯಾಯಿತು.

"ಇನ್ನೊಂಚೂರು ಇದೆಯಾ?" ಎಂದ, ಸಂಕೋಚದಿಂದ.

ಅವಳು ಒಳಗೆ ಹೋದಳು. ಅವನು ಉಣ್ಣುತ್ತಿದ್ದ ಅಳತೆಗೇ ಅಡುಗೆ ಮಾಡಿ ರೂಢಿಯಾಗಿತ್ತು. ಪಾತ್ರೆಯ ತಳ ಕಾಣುತ್ತಿತ್ತು. ತನಗೆಂದು ಬಡಿಸಿಟ್ಟುಕೊಂಡಿದ್ದ ತಟ್ಟೆಯನ್ನು ಸದ್ದಾಗದಂತೆ ಪಾತ್ರೆಗೆ ಬಗ್ಗಿಸಿ, ಸೌಟು ಹಾಕಿ ಹೊರಗೆ ತಂದಳು.

"ಬೇಕಾದಷ್ಟಿದೆ, ಹಾಕಿಸ್ಕೊಳ್ಳಿ" ಎಂದಳು.