ದಾನೇಶ್ವರಿ ಅಪ್ಪ, ವಯಸ್ಸು ಐವತ್ತೆರಡು

ಸಾಯಬಣ್ಣನ ದನಿ ಕೂತು ಒಂದೂವರೆ ತಿಂಗಳಾಗಿತ್ತು. ಮೊದಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕಟ್ಟಡದ ಏಳನೇ ಮಾಳಿಗೆಯಲ್ಲಿ ನಿಂತು ಕೆಳಗಿನ ಕೂಲಿಯವರಿಗೆ ಕೂಗಿ ಹೇಳುವ ಮುಕದ್ದಮನಿಗೆ ಗಂಟಲೇ ಬಂಡವಾಳ. ಅದು ವರ್ಷಕ್ಕೆ ಎರಡು ಸಲ ಕೂರುತ್ತದೆ, ಬಿಸಿನೀರು ಕುಡಿದರೆ ಏಳುತ್ತದೆ. ಈ ಸಲ ಬಿಸಿನೀರು, ಅರಿಸಿನ ಹಾಕಿದ ಹಾಲು, ಜ್ಯೇಷ್ಠಮಧು ಯಾವುದಕ್ಕೂ ಅದು ಸೊಪ್ಪು ಹಾಕಲಿಲ್ಲ. ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು.

ಅವನ ಹೆಂಡತಿ ಮಲ್ಲಕ್ಕನಿಗೆ ಇದು ದೊಡ್ಡ ಅನ್ಯಾಯವಾಗಿ ಕಂಡಿತು. ಶಹಾಪುರದ ಹತ್ತಿರದ ಹಳ್ಳಿಯಲ್ಲಿ ಅತ್ತೆ, ಎಮ್ಮೆ, ಮಗಳು ಅಂತ ಇಪ್ಪತ್ತು ವರ್ಷ ಕಳೆದವಳು ಅವಳು. ಗಂಡ ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಿದ್ದ. ಉಳಿದ ದಿನವೆಲ್ಲ ಗಂಡ ಅಂದರೆ ಫೋನಿನೊಳಗಿನ ಒಂದು ದನಿ. ಫೋನು ಬಂದರೆ ಅವಳು ಗೊತ್ತಿದ್ದೂ ಗೊತ್ತಿದ್ದೂ "ಯಾರ್ರೀ?" ಅನ್ನುವಳು. ಆ ಕಡೆಯಿಂದ "ದಾನೇಶ್ವರಿ ಅಪ್ಪ ಮಾತಾಡೋದು" ಅಂತ ಗಡಸು ದನಿ ಬರುವುದು. ಅಷ್ಟು ಕೇಳಿದ ಮೇಲೆಯೇ ಅವಳಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿತ್ತು. ಮಗಳು ದಾನೇಶ್ವರಿಯ ಮದುವೆ ಮುಗಿಸಿ, ಐದು ತಿಂಗಳ ಹಿಂದೆ ಗಂಟುಮೂಟೆ ಕಟ್ಟಿಕೊಂಡು ಗಂಡನಿದ್ದ ಧಾರಾವಿಯ ಒಂದು ಕೋಣೆಯ ಖೋಲಿಗೆ ಬಂದಳು. ಗಂಡ ಸಿಕ್ಕ, ದನಿ ಹೋಯಿತು.

ಪಕ್ಕದ ಖೋಲಿಯ ಖಂಡಪ್ಪ ಸುರಪುರದವನು, ಚರ್ಮದ ಚೀಲ ಹೊಲಿಯುವವನು. ಆದರೆ ಅವನ ನಿಜವಾದ ಪಾಂಡಿತ್ಯ ಇದ್ದದ್ದು ಆಸ್ಪತ್ರೆಗಳಲ್ಲಿ. ತನ್ನದೊಂದು ಅಪೆಂಡಿಕ್ಸು, ಹೆಂಡತಿಯ ಎರಡು ಹೆರಿಗೆ, ಇಷ್ಟರ ಬಲದಿಂದ ಅವನು ಇಡೀ ಗಲ್ಲಿಗೆ ಸಲಹೆ ಕೊಡುತ್ತಿದ್ದ. ಅವನೇ ಇಬ್ಬರನ್ನೂ ಮೊದಲು ಸಾಂತಾಕ್ರೂಜಿನ ಒಂದು ಗಾಜಿನ ಆಸ್ಪತ್ರೆಗೆ ಕರೆದೊಯ್ದ. ಫಾರಂ ತುಂಬಿದವನೂ ಅವನೇ.

ಮಲ್ಲಕ್ಕನಿಗೆ ಆ ಜಾಗ ಬಹಳ ಹಿಡಿಸಿತು. ಕಾಲಿಟ್ಟರೆ ತಣ್ಣಗಿನ ಗಾಳಿ, ಕೂತರೆ ಮುಳುಗುವ ಸೋಫಾ, ಕೇಳದೆಯೇ ಕೊಡುವ ನೀರು. ಎಲ್ಲರೂ ನಗುನಗುತ್ತಾ ಮಾತಾಡಿದರು. ಡಾಕ್ಟರು ಮೂಗಿನೊಳಗೆ ದಾರದಂಥ ಕ್ಯಾಮರಾ ಇಳಿಸಿ, ದನಿಪೆಟ್ಟಿಗೆಯ ಮೇಲೆ ಗಂಟು ಬೆಳೆದಿದೆ, ಎಂಥ ಗಂಟು ಅಂತ ಚೂರು ತೆಗೆದು ನೋಡಬೇಕು, ತಡಮಾಡಬೇಡಿ ಅಂದರು. ಅದನ್ನೂ ನಗುತ್ತಲೇ ಅಂದರು. ಆಮೇಲೆ ಒಂದು ಹುಡುಗಿ ಖರ್ಚಿನ ಅಂದಾಜು ಹಾಳೆ ತಂದು ಕೊಟ್ಟಳು. ಖಂಡಪ್ಪ ಅದನ್ನು ಓದಿ ಎರಡಾಗಿ, ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡ.

"ಎಷ್ಟಂತ?" ಅಂದಳು ಮಲ್ಲಕ್ಕ.

"ನಡಿ ಅಕ್ಕಾ, ಮುನ್ಸಿಪಾಲ್ಟಿ ದವಾಖಾನಿಗಿ ಹೋಗಾಮು. ಡಾಕ್ಟರು ಅಲ್ಲೀವರೇ ಇಲ್ಲಿಗಿ ಬರ್ತಾರ."

ಮುನ್ಸಿಪಾಲ್ಟಿಯ ದೊಡ್ಡ ಆಸ್ಪತ್ರೆಯಲ್ಲಿ ನಗು ಮಾತ್ರ ದುಬಾರಿ, ಉಳಿದದ್ದೆಲ್ಲ ಅಗ್ಗ. ಅಲ್ಲಿಯ ದಾರಿಯನ್ನು ಖಂಡಪ್ಪ ಹಿಂದಿನ ದಿನವೇ ಪಾಠ ಮಾಡಿದ್ದ. ಮೊದಲು ಕೇಸ್ ಪೇಪರು. ಅದೇ ಅಲ್ಲಿಯ ಜಾತಕ, ಅದಿಲ್ಲದೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಗಂಡಸರ ಸಾಲು ಗೇಟಿನ ತನಕ ಇರುತ್ತದೆ, ಹೆಂಗಸರದು ಅದರ ಅರ್ಧ. ಆದ್ದರಿಂದ ಮಲ್ಲಕ್ಕ ಸಾಲಿನಲ್ಲಿ ನಿಲ್ಲಬೇಕು, ಸಾಯಬಣ್ಣ ಆ ತುದಿಯಲ್ಲಿ ಗಂಟಲು ಡಾಕ್ಟರ ಬಾಗಿಲಿಗೆ ಹೋಗಿ ಜಾಗ ಹಿಡಿಯಬೇಕು. ಲೆಕ್ಕಾಚಾರವೇನೋ ಚೊಕ್ಕವಾಗಿತ್ತು. ಒಂದನ್ನು ಮಾತ್ರ ಪಂಡಿತರು ಮರೆತಿದ್ದರು.

"ಪೇಶಂಟ್ ಕಾ ನಾಮ್?" ಅಂದಿತು ಕಿಟಕಿ.

ಮಲ್ಲಕ್ಕ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ಅವಳ ಅವ್ವ ಶರಣವ್ವ ಕಲಿಸಿದ್ದಳು. ಗಂಡ ಗಟ್ಟಿಮುಟ್ಟಾಗಿದ್ದಾಗಲೇ ಹೇಳದವಳು ಈಗ, ಗಂಟಲಲ್ಲಿ ಎಂಥದೋ ಗಂಟು ಕೂತಿರುವಾಗ, ಹೇಳುತ್ತಾಳೆಯೇ? ಆಧಾರ್ ಕಾರ್ಡು ತೋರಿಸೋಣವೆಂದರೆ ಅದು ಗೇಟ್ ಪಾಸಿಗೆಂದು ಕಂಟ್ರಾಕ್ಟರನ ಹತ್ತಿರ ಇತ್ತು. ಹಿಂದಿನವಳು ಬೆನ್ನಿಗೆ ತಿವಿದಳು.

"ದಾನೇಶ್ವರಿ ಅಪ್ಪ," ಅಂದಳು ಮಲ್ಲಕ್ಕ.

ಊರಿನಲ್ಲಾಗಿದ್ದರೆ ಅಷ್ಟು ಸಾಕಿತ್ತು. ಹೆಸರಿನ ಕೊನೆಗೆ 'ಅಪ್ಪ' ಇರುವ ಎಷ್ಟೋ ಗಂಡಸರಿಗೆ ಕೇಸ್ ಪೇಪರು ಬರೆದ ಕಿಟಕಿ, ಮದ್ರಾಸಿನ ಕಡೆಯ ಯಾರೋ ಇರಬೇಕು ಅಂದುಕೊಂಡು ಟಕಟಕ ಬಡಿಯಿತು: ದಾನೇಶ್ವರಿ ಅಪ್ಪ, ಗಂಡು, ಐವತ್ತೆರಡು.

ಗಂಟಲು ಡಾಕ್ಟರ ಬಾಗಿಲಲ್ಲಿ ಸಿಪಾಯಿ ಆ ಹೆಸರು ಕೂಗಿದಾಗ ಸಾಯಬಣ್ಣ ಹೆಂಡತಿಯ ಕಡೆ ನೋಡಿದ. ಮಲ್ಲಕ್ಕ ನೆಲ ನೋಡಿದಳು. ತಿದ್ದಿಸಬೇಕೆಂದರೆ ಮತ್ತೆ ಸಾಲು, ಇವತ್ತಿನ ಡಾಕ್ಟರು ತಪ್ಪುತ್ತಾರೆ. ಸಾಯಬಣ್ಣ 'ಇರಲಿ ಬಿಡು' ಅಂತ ಕೈಯಾಡಿಸಿ ಎದ್ದು ಒಳಗೆ ಹೋದ. ಸಂಜೆ ಖಂಡಪ್ಪನೂ ಅದನ್ನೇ ಅಂದ: "ಗಂಟು ಬಂದದ್ದು ಗಂಟಲಕ್ಕ, ಹೆಸರಿಗಲ್ಲ. ಸುಮ್ನಿರು."

ಹೀಗೆ ಮೂರು ವಾರ ಸಾಯಬಣ್ಣ ದಾನೇಶ್ವರಿ ಅಪ್ಪನಾಗಿಯೇ ರಕ್ತ ಕೊಟ್ಟ, ಎಕ್ಸ್‌ರೇ ತೆಗೆಸಿದ, ಗಂಟಿನ ಚೂರೂ ಕೊಟ್ಟ. ಒಬ್ಬ ನರ್ಸಮ್ಮ ಚಿಕ್ಕದು ಮಾಡಿ "ದಾನೇಶ್ವರೀ" ಅಂತ ಕರೆದರೆ ಪೊದೆಮೀಸೆಯ ಮುಕದ್ದಮ ಎದ್ದು ನಿಲ್ಲುತ್ತಿದ್ದ. ಮಲ್ಲಕ್ಕನಿಗೆ ಸೆರಗಿನ ಮರೆಯಲ್ಲಿ ನಗು ಬರುತ್ತಿತ್ತು. ಖೋಲಿಗೆ ಬಂದು, ಅವನು ಹಾಳೆಯ ಮೇಲೆ 'ಚಹಾ' ಅಂತ ಬರೆದು ತೋರಿಸಿದಾಗ ಮಾತ್ರ ಅಳು ಬರುತ್ತಿತ್ತು. ಅವನಿಗೆ ಕಾಣದಂತೆ ಸ್ಟವ್ವಿನ ಕಡೆ ತಿರುಗಿಕೊಳ್ಳುತ್ತಿದ್ದಳು.

ರಿಪೋರ್ಟು ಬರುವ ದಿನ ಖಂಡಪ್ಪನಿಗೆ ರಜೆ ಸಿಗಲಿಲ್ಲ. "ಎಲ್ಲಾ ಕಾಗದ ತಗೊಂಡು ಹೋಗ್, ಒಂದೂ ಬಿಡಬ್ಯಾಡ," ಅಂತ ಹೇಳಿ ಕಳಿಸಿದ. ಮಲ್ಲಕ್ಕ ಬೆಳಗಿನ ಏಳಕ್ಕೇ ಗಂಡನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸಾಲು ಹಿಡಿದಳು. ಕೊನೆಗೆ ಕಿಟಕಿ ಸಿಕ್ಕಿತು. ಕೇಸ್ ಪೇಪರು ಒಂದನ್ನೇ ಕೊಟ್ಟಿದ್ದರೆ ರಿಪೋರ್ಟು ಕೈಗೆ ಬರುತ್ತಿತ್ತು. ಗಾಬರಿಯಲ್ಲಿ ಅವಳು ಇಡೀ ಚೀಲವನ್ನೇ ಬರಿದು ಮಾಡಿದಳು: ಕೇಸ್ ಪೇಪರು, ಗಾಜಿನ ಆಸ್ಪತ್ರೆಯ ಫೈಲು, ಕಂಟ್ರಾಕ್ಟರನಿಂದ ಬಿಡಿಸಿಕೊಂಡು ಬಂದ ಆಧಾರ್ ಕಾರ್ಡು.

ಒಳಗಿದ್ದವರು ಸೇವಂತಿ ಮೇಡಂ. ಹಣೆಯ ಮೇಲೆ ದೊಡ್ಡ ಕುಂಕುಮ, ಮೂಗಿನ ತುದಿಯಲ್ಲಿ ಕನ್ನಡಕ. ಒಂದೊಂದೇ ಕಾಗದ ತಿರುವಿ ನೋಡಿ, ಅಗತ್ಯಕ್ಕಿಂತ ನಿಧಾನವಾಗಿ ಹಿಂದಿಯಲ್ಲಿ ಕೇಳಿದರು: ಈ ಸಾಯಬಣ್ಣ ಯಾರು? ರಿಪೋರ್ಟು ಇರುವುದು ದಾನೇಶ್ವರಿ ಅಪ್ಪನದು.

ಮಲ್ಲಕ್ಕ ಪಕ್ಕದಲ್ಲಿದ್ದ ಗಂಡನನ್ನು ತೋರಿಸಿದಳು. "ಏ ದೋನೋ ಏಕ್ ಹೀ ಹೈ ಮೇಡಂ."

ಸಾಯಬಣ್ಣ ಎದೆ ಮುಟ್ಟಿಕೊಂಡು ತಲೆಯಾಡಿಸಿದ. ಆಧಾರ್ ಕಾರ್ಡಿನ ಪ್ರಕಾರ ಅವನು ಸಾಯಬಣ್ಣ ಹೌದು, ತೊಂದರೆ ಇದ್ದದ್ದೂ ಅಲ್ಲೇ. ಸೇವಂತಿ ಮೇಡಂ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಗಂಟಿನ ರಿಪೋರ್ಟು, ಒಬ್ಬರದು ಇನ್ನೊಬ್ಬರಿಗೆ ಹೋದರೆ ಯಾರದೋ ಗಂಟಲಿಗೆ ಕತ್ತರಿ ಬೀಳುತ್ತದೆ. ಹೆಸರು ಸರಿಪಡಿಸಬೇಕೆಂದರೆ, ಮೊದಲು ಹೆಸರು ಕೊಟ್ಟವರೇ ಅರ್ಜಿ ಕೊಡಬೇಕು. ಅವರು ಒಂದು ಹಾಳೆ ಎಳೆದುಕೊಂಡು ಹಿಂದಿಯಲ್ಲೇ ಅಂದರು:

"ನಾನು ಬರೀತೀನಿ. ನೀನು ಬಾಯಿಂದ ಹೇಳು. ಗಂಡನ ಹೆಸರೇನು?"

ಮಲ್ಲಕ್ಕ ಆಧಾರ್ ಕಾರ್ಡನ್ನು ಬೆರಳಿಂದ ಮುಂದಕ್ಕೆ ತಳ್ಳಿದಳು. ಮೇಡಂ ಅದನ್ನು ವಾಪಸು ತಳ್ಳಿದರು. ಹಿಂದೆ ಸಾಲು ಗೊಣಗತೊಡಗಿತು. ರಿಪೋರ್ಟು ಅಲ್ಲೇ, ಮೇಡಂನ ಮೊಣಕೈ ಕೆಳಗೆ, ಒಂದು ಗೇಣು ದೂರದಲ್ಲಿತ್ತು. ಅದರೊಳಗೆ ಗಂಡ ಬದುಕುತ್ತಾನೋ ಇಲ್ಲವೋ ಅಂತ ಬರೆದಿದೆ. ಹೆಸರು ಹೇಳಿದರೆ ಆಯುಷ್ಯ ಕಡಿಮೆ, ಹೇಳದಿದ್ದರೆ ಆಯುಷ್ಯ ಎಷ್ಟಿದೆ ಅಂತಲೇ ಗೊತ್ತಾಗುವುದಿಲ್ಲ. ಮಲ್ಲಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡಳು.

ಸೇವಂತಿ ಮೇಡಂ ಕನ್ನಡಕ ತೆಗೆದರು. ಆ ಸೆರಗನ್ನು ಅವರು ಸಾತಾರಾ ಕಡೆಯ ತಮ್ಮ ಮನೆಯಲ್ಲೂ ನೋಡಿದ್ದಿರಬೇಕು.

"ಅಗಂ ಬಾಈ," ಅಂದರು, ದನಿ ಬೇರೆಯಾಗಿತ್ತು. "ನಾವ್ ಘೇತ್ ನಾಹೀಸ್? ಮಗ್ ಉಖಾಣಾ ಘೇ ನಾ."

ಹೆಸರು ಹೇಳುವುದಿಲ್ಲವಾದರೆ ಉಖಾಣಾ ಹೇಳು ಅಂತ. ಉಖಾಣಾ ಅಂದರೇನು ಅಂತ ಮಲ್ಲಕ್ಕನಿಗೆ ಗೊತ್ತಿತ್ತು. ಓಣಿಯ ಮರಾಠಿ ಹೆಂಗಸರು ಅರಿಸಿನ ಕುಂಕುಮದ ದಿನ ಹೇಳುವುದನ್ನು ಕೇಳಿದ್ದಳು. ತಮ್ಮ ಊರಿನ ಒಡಪೇ ಅದು. ಹಾಡಿನಂತೆ ಎರಡು ಸಾಲು ಕಟ್ಟಿ ಅದರೊಳಗೆ ಗಂಡನ ಹೆಸರಿಟ್ಟು ಹೇಳಿದರೆ ದೋಷವಿಲ್ಲ. ಅವ್ವನೂ ಹೇಳುತ್ತಿದ್ದಳು. ಆದರೆ ಬಸುರಿಗೆ ಕುಪ್ಪಸ ಮಾಡುವಾಗ, ಮದುವೆಯ ಚಪ್ಪರದಲ್ಲಿ ಹೇಳುವ ಮಾತನ್ನು ಯಾರಾದರೂ ದವಾಖಾನೆ ಕಿಟಕಿಯಲ್ಲಿ ಹೇಳಿದ್ದುಂಟೆ?

ಮಲ್ಲಕ್ಕ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಕಿಟಕಿಯ ಸರಳು ಹಿಡಿದು, ಕಣ್ಣು ಮುಚ್ಚಿ ರಾಗವಾಗಿ ಹೇಳಿದಳು:

"ದವಾಖಾನಿ ಸಾಲಿನ್ಯಾಗ ನಿಂತೀನಿ ಮುಂಜಾನಿಂದ,
ನಮ್ಮ ಸಾಯಬಣ್ಣ ಮತ್ತ ಮಾತಾಡ್ಲಿ ನಿಮ್ಮ ಕೈಗುಣದಿಂದ."

ಗೊಣಗುತ್ತಿದ್ದ ಸಾಲಿನಿಂದಲೇ ಯಾವಳೋ "ವಾಹ್ ಮೌಶಿ" ಅಂದಳು, ನಾಲ್ಕಾರು ಹೆಂಗಸರು ಚಪ್ಪಾಳೆ ತಟ್ಟಿದರು. ಸಾಯಬಣ್ಣ ಕೆಂಪಾಗಿ ಮೀಸೆ ತಿರುವತೊಡಗಿದ. ಮದುವೆಯ ಚಪ್ಪರದ ಒಡಪಿನಲ್ಲಿ ಕೇಳಿದ ಮೇಲೆ ತನ್ನ ಹೆಸರನ್ನು ಹೆಂಡತಿಯ ಬಾಯಲ್ಲಿ ಅವನು ಕೇಳಿದ್ದು ಇದೇ. ಸೇವಂತಿ ಮೇಡಂಗೆ ಕನ್ನಡ ಬರದಿದ್ದರೂ ಬೇಕಾದ ಒಂದು ಮಾತು ಕೇಳಿಸಿತ್ತು. ಫೈಲಿನ ಮೇಲೆ 'ಸಾಯಬಣ್ಣ ಉರ್ಫ್ ದಾನೇಶ್ವರಿ ಅಪ್ಪ' ಅಂತ ಬರೆದು ಠಸ್ಸೆ ಒತ್ತಿದರು. ಮೊಣಕೈ ಕೆಳಗಿನ ಕಾಗದ ಎತ್ತಿ ಓದಿ, ಹೇಳಬೇಕಾದ್ದು ಡಾಕ್ಟರೇ ಆದರೂ ತಡೆಯಲಾರದೆ ಮರಾಠಿ ಬೆರೆಸಿದ ಹಿಂದಿಯಲ್ಲಿ ಅಂದರು: "ಕ್ಯಾನ್ಸರ್ ನಾಹೀ. ಕೂಗಿ ಕೂಗಿ ಆಗಿರೋ ಗಂಟು. ಡಾಕ್ಟರ ಹತ್ತಿರ ಹೋಗು."

ಮಲ್ಲಕ್ಕ ಸರಳು ಬಿಡಲಿಲ್ಲ.

ಆಪರೇಶನ್ನಿಗೆ ಹದಿನೆಂಟು ದಿನ ಕಾದರು. ಆದಮೇಲೆ ಹತ್ತು ದಿನ ಪಿಸುಗುಟ್ಟಲೂ ಕೂಡದು ಅಂದರು, ಕಾದರು. ಹನ್ನೊಂದನೇ ದಿನ ಸಣ್ಣ ವಯಸ್ಸಿನ ಡಾಕ್ಟರಮ್ಮ ಸಾಯಬಣ್ಣನ ಗಂಟಲೊಳಗೆ ಬೆಳಕು ಬಿಟ್ಟು ನೋಡಿ, ಫೈಲು ಎದುರಿಗಿಟ್ಟುಕೊಂಡು, "ಅಬ್ ಬೋಲೋ ಕಾಕಾ. ಆಪ್ಕಾ ನಾಮ್ ಬೋಲೋ," ಅಂದಳು. ಮಲ್ಲಕ್ಕ ಮಗ್ಗುಲ ಸ್ಟೂಲಿನಲ್ಲಿ ಕೂತಿದ್ದಳು.

ಸಾಯಬಣ್ಣ ಉಗುಳು ನುಂಗಿದ. ಡಾಕ್ಟರಮ್ಮನ ಕಡೆ ನೋಡಲಿಲ್ಲ. ಹೆಂಡತಿಯ ಕಡೆ ತಿರುಗಿದ.

"ದಾನೇಶ್ವರಿ ಅಪ್ಪ ಮಾತಾಡೋದು," ಅಂದ.

ದನಿ ಸ್ವಲ್ಪ ಒಡೆದಿತ್ತು, ಆದರೆ ಅದೇ ದನಿ. ಡಾಕ್ಟರಮ್ಮ ಫೈಲಿನ ಹೆಸರು ನೋಡಿ, ಇವನ ಮುಖ ನೋಡಿ, ಏನೂ ತಿಳಿಯದೆ ಪೆನ್ನು ಹಿಡಿದು ಕೂತಳು. ಮಲ್ಲಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ, ಇಪ್ಪತ್ತು ವರ್ಷದ ರೂಢಿ, "ಯಾರ್ರೀ?" ಅಂದಳು.